ಎಣ್ಣೆ ಮೇಲೇರುವ ತನಕ

ದೇವಾಪುರ ದಾಟಿ ತಿಂಥಣಿ ಸೇತುವೆಯವರೆಗೆ ಹೋಗಿ ತಿರುಗಿಸಿಕೊಂಡು ಬಂದರೂ ಮೀಟರಿನಲ್ಲಿ ಇನ್ನೂ ಇಪ್ಪತ್ತು ಕಿಲೋಮೀಟರು ಬಾಕಿ ಉಳಿದಿತ್ತು. ಪರಿಮಳಾ ಕಾರನ್ನು ರಸ್ತೆಬದಿಯ ಜಾಲಿಗಿಡದ ನೆರಳಿಗೆ ಸರಿಸಿ, ಎಂಜಿನ್ ಬಂದ್ ಮಾಡದೆ, ಆ ಅಂಕಿಯನ್ನೇ ದಿಟ್ಟಿಸುತ್ತ ಕುಳಿತಳು. ಭಾನುವಾರದ ಬೆಳಗು, ಬಿಸಿಲು ಇನ್ನೂ ಎಳೆಯದು. ಹತ್ತಿ ಬಿಡಿಸಲು ಹೊರಟ ಹೆಣ್ಣುಮಕ್ಕಳನ್ನು ತುಂಬಿಕೊಂಡಿದ್ದ ಟ್ರ್ಯಾಕ್ಟರೊಂದು ಪಕ್ಕಕ್ಕೆ ಬಂದು ನಿಧಾನವಾಯಿತು.

"ಗಾಡಿ ಕೆಟ್ಟದೇನ್ರಿ ಅಕ್ಕಾ?" ಟ್ರೇಲರಿನ ಅಂಚಿಗೆ ಕುಳಿತವಳೊಬ್ಬಳು ಕೂಗಿ ಕೇಳಿದಳು.

"ಇಲ್ಲವಾ, ಸುಮ್ನ ನಿಂತೀನಿ."

"ಸುಮ್ನ ನಿಲ್ಲಾಕ ಕಾರ್ ಯಾಕ ಬೇಕ್ರಿ? ನಮ್ಮಂಗ ಗಿಡದ ಬುಡಕ ಕುಂತ್ರ ಆಗ್ತಿತ್ತಿಲ್ಲ!"

ಟ್ರೇಲರಿನ ತುಂಬ ನಗೆ. ಪರಿಮಳಾ ಕೂಡ ನಕ್ಕಳು. ಟ್ರ್ಯಾಕ್ಟರು ದೂಳೆಬ್ಬಿಸಿಕೊಂಡು ಮುಂದೆ ಹೋಯಿತು.

ಸುಮ್ಮನೆ ನಿಂತಿದ್ದೇನೆ ಎಂದದ್ದು ಸುಳ್ಳು. ಹೋದ ಸಲ ಎಂಜಿನ್ ಎಣ್ಣೆ ಬದಲಿಸಿದ ಮೇಲೆ ಐದು ಸಾವಿರ ಕಿಲೋಮೀಟರು ತುಂಬಲು ಇನ್ನು ಇಪ್ಪತ್ತು ಬೇಕಿತ್ತು. ಇಲ್ಲಿಂದ ನೆಟ್ಟಗೆ ಹೋದರೆ ಲೆಕ್ಕ ತುಂಬುವ ಮೊದಲೇ ಸುರಪುರದ ಗ್ಯಾರೇಜು ಬಂದುಬಿಡುತ್ತದೆ. ಲೆಕ್ಕ ತುಂಬದೆ ಹೋಗಿ ನಿಂತರೆ ಫಿರೋಜ್ ಏನೆಂದುಕೊಂಡಾನು? ಕರೆಯದ ಮನೆಗೆ ಊಟಕ್ಕೆ ಹೋದ ಹಾಗಾಗುತ್ತದೆ. ಇಪ್ಪತ್ತು ವರ್ಷದಿಂದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ, ಎದುರಿಗೆ ಬಂದರೆ ಹುಡುಗರು ಸೈಕಲ್ಲಿನಿಂದ ಇಳಿದು ನಿಲ್ಲುವಷ್ಟು ಮರ್ಯಾದೆ ಗಳಿಸಿದ್ದ ಪರಿಮಳಾ ಟೀಚರು ಕಾರನ್ನು ಮತ್ತೆ ಸೇತುವೆಯ ಕಡೆಗೇ ತಿರುಗಿಸಿದಳು.

ಇದಕ್ಕೆಲ್ಲ ಮೂಲ ಈ ಕಾರು. ಎರಡು ವರ್ಷದ ಹಿಂದೆ ತಾಯಿ ಅಯ್ಯಮ್ಮನಿಗೆ ಮೊಣಕಾಲು ನೋವು ಹೆಚ್ಚಾಗಿ ಬಸ್ಸು ಹತ್ತಲಾಗದಂತಾದಾಗ, ಕಲಬುರಗಿಯ ಶೋರೂಮೊಂದರಲ್ಲಿ ಕೆಲಸಕ್ಕಿದ್ದ ಅಣ್ಣನ ಮಗ ಬುದ್ಧಪ್ರಿಯ ಪಟ್ಟು ಹಿಡಿದು ಕೊಡಿಸಿದ್ದ. ಕಾರೂ ಚಿಕ್ಕದು, ಎಂಜಿನ್ನೂ ಚಿಕ್ಕದು. ಆದರೆ ಅದರೊಳಗೊಂದು ಟರ್ಬೊ ಇತ್ತು. ಹೊರಗೆ ಹೋಗುವ ಹೊಗೆಯ ರಭಸಕ್ಕೇ ತಿರುಗಿ ಎಂಜಿನ್ನಿಗೆ ಗಾಳಿ ತುಂಬುವ ಅಂಗೈಯಗಲದ ಚಕ್ರ. "ಅತ್ತಿ, ಇದು ನೋಡಾಕ ಇರಿವಿ, ಓಡಾಕ ಕುದರಿ," ಎಂದು ಅವನು ಹೊಗಳಿದ್ದ. ಕುದುರೆ ದಿನಾ ಓಡುತ್ತಿದ್ದದ್ದು ಭೀಮರಾಯನಗುಡಿಯ ನೀರಾವರಿ ಕ್ಯಾಂಪಿನ ಮನೆಯಿಂದ ಶಹಾಪುರದ ಶಾಲೆಗೆ, ಐದಾರು ಕಿಲೋಮೀಟರು. ಮೈ ಬಿಸಿಯಾಗುವಷ್ಟರಲ್ಲಿ ಶಾಲೆಯ ಗೇಟು ಬಂದಿರುತ್ತಿತ್ತು.

ಎಣ್ಣೆ ಬದಲಿಸುವ ಹೊತ್ತು ಬಂದಾಗ, ಕಲಬುರಗಿಯವರೆಗೆ ಯಾರು ಹೋಗುತ್ತಾರೆ ಎಂದುಕೊಂಡು ಅವಳು ಸುರಪುರದ ದಾರಿ ಹಿಡಿದಳು. ಶಹಾಪುರದಲ್ಲೇ ಬೇಕಾದಷ್ಟು ಗ್ಯಾರೇಜುಗಳಿವೆ ಎಂಬ ಮಾತನ್ನು ಮನಸ್ಸಿನೊಳಗೂ ಎತ್ತಲಿಲ್ಲ. ರಂಗಂಪೇಟೆಯ ದಾರಿಯಲ್ಲಿದ್ದ ಜಮಾಲಸಾಬನ ಗ್ಯಾರೇಜು ಅವಳಿಗೆ ಚಿಕ್ಕಂದಿನಿಂದ ಗೊತ್ತು. ಅವಳ ಅಪ್ಪ ಸಾಬಣ್ಣ ನೀರಾವರಿ ಇಲಾಖೆಯ ಜೀಪಿನ ಡ್ರೈವರ್. ಜೀಪು ಕೆಮ್ಮಿದರೂ ಸೀನಿದರೂ ಅವನಿಗೆ ಜಮಾಲಸಾಬನೇ ಆಗಬೇಕಿತ್ತು. ಈಗ ಆ ಇಬ್ಬರೂ ಇಲ್ಲ. ಜಮಾಲಸಾಬನ ಮಗ ಫಿರೋಜ್ ಒಬ್ಬನೇ ಗ್ಯಾರೇಜು ನಡೆಸುತ್ತಿದ್ದ. ಅವನ ಹೆಂಡತಿ ಮಸರತ ಕಾಯಿಲೆ ಬಿದ್ದು ತೀರಿಕೊಂಡಿದ್ದಳು, ಒಬ್ಬಳೇ ಮಗಳು ಗುಲ್ನಾಜ್ ಮದುವೆಯಾಗಿ ರಾಯಚೂರಿಗೆ ಹೋಗಿದ್ದಳು.

ಅವತ್ತು ಎಣ್ಣೆ ಆರಿಸುವುದಕ್ಕೇ ಅವರಿಗೆ ಅರ್ಧ ಬೆಳಗು ಹಿಡಿಯಿತು. ಈ ಸೀಮೆಯ ಮಿಸ್ತ್ರಿಗಳದು ಒಂದೇ ವೇದವಾಕ್ಯ: ಇಲ್ಲಿಯ ಬೇಸಿಗೆಗೆ ದಪ್ಪ ಎಣ್ಣೆಯೇ ಸೈ, ತೆಳು ಎಣ್ಣೆ ಹಾಕಿದರೆ ಕಾದ ಹೆಂಚಿಗೆ ನೀರು ಚಿಮುಕಿಸಿದ ಹಾಗೆ ಎಲ್ಲಿ ಹೋಯಿತೆಂದೇ ತಿಳಿಯುವುದಿಲ್ಲ. ಜೀಪಿಗೂ ಅದೇ ಎಣ್ಣೆ, ಟ್ರ್ಯಾಕ್ಟರಿಗೂ ಅದೇ. ಫಿರೋಜ್ ದಪ್ಪ ಎಣ್ಣೆಯ ಡಬ್ಬಿಯನ್ನು ಕೈಗೆತ್ತಿಕೊಂಡ. ಬಾನೆಟ್ಟಿನೊಳಗೆ ಇನ್ನೊಮ್ಮೆ ಬಗ್ಗಿ ನೋಡಿದ. ಡಬ್ಬಿಯನ್ನು ಮತ್ತೆ ಕೆಳಗಿಟ್ಟ.

"ಟೀಚರ್, ಕಾರಿನ ಪುಸ್ತಕ ಅದ ಏನ್ರಿ? ಅದರಾಗ ಏನ್ ಬರದಾರ ಜರಾ ಓದ್ರಿ."

ಅವಳು ಓದಿದಳು, ಅವನು ಕೇಳಿದ. ಪುಸ್ತಕ ಎರಡು ನಂಬರಿಗೆ ಒಪ್ಪಿತ್ತು. ತೀರಾ ತೆಳ್ಳಗಿನ ಝೀರೊ-ಟ್ವೆಂಟಿ, ಅದಕ್ಕಿಂತ ಕೊಂಚ ಗಟ್ಟಿಯಾದ ಫೈವ್-ಥರ್ಟಿ. ಅಷ್ಟು ಜೋರಾಗಿ ತಿರುಗುವ ಚಕ್ರಕ್ಕೆ ಕೂದಲೆಳೆಯಷ್ಟು ಸಂದಿಯಲ್ಲಿ ಎಣ್ಣೆ ಹರಿಯಬೇಕು, ದಪ್ಪ ಎಣ್ಣೆ ಅಲ್ಲಿಗೆ ಹೊತ್ತಿಗೆ ಸರಿಯಾಗಿ ಮುಟ್ಟಲಾರದು ಎಂದು ಅವಳು ಹೇಳಿದಳು. "ಹಂಗಾದ್ರ ನಮ್ಮ ಬಿಸಿಲಿಗಿ ಫೈವ್-ಥರ್ಟಿ ಇರ್ಲಿ," ಎಂದು ಅವನು ಯೋಚಿಸಿ ಹೇಳಿದ. "ಆದ್ರ ಪೂರಾ ಸಿಂಥೆಟಿಕ್ಕೇ ಆಗ್ಬೇಕು. ಟರ್ಬೊದ ಬಿಸಿಗಿ ಸಾದಾ ಎಣ್ಣಿ ಸುಟ್ಟು ಕರಕಾಗ್ತದ." ಪೇಟೆಗೆ ಹೋಗಿ ತಂದ ಡಬ್ಬಿಯಿಂದ ಒಂದು ಹನಿಯನ್ನು ಮುಚ್ಚಳಕ್ಕೆ ಸುರಿದು ಅವಳಿಗೂ ತೋರಿಸಿದ. "ನೋಡ್ರಿ, ನೀರ್ ಇದ್ದಂಗದ. ನಮ್ಮ ಅಬ್ಬಾ ಇದ್ದಿದ್ರ ನನ್ನನ್ನ ಗ್ಯಾರೇಜ್ ಬಿಟ್ಟು ಹೊರಗ ಹಾಕ್ತಿದ್ರು."

ಇಬ್ಬರೂ ನಕ್ಕರು. ಎಷ್ಟೋ ವರ್ಷಗಳ ಮೇಲೆ ಇಬ್ಬರೂ ಕೂಡಿ ಒಂದೇ ಮಾತಿಗೆ ನಕ್ಕದ್ದು ಅವತ್ತೇ.

ಕೆಳಗೆ ಇಳಿದ ಹಳೆಯ ಎಣ್ಣೆ ಕಾಡಿಗೆಯಂತೆ ಕಪ್ಪಾಗಿತ್ತು. ಮೂಸಿ ನೋಡಿದರೆ ಪೆಟ್ರೋಲಿನ ವಾಸನೆ. "ಪುಸ್ತಕದಾಗ ಹತ್ ಸಾವಿರ ಅಂತದ, ಇಲ್ಲಾ ಒಂದ್ ವರ್ಷ. ಅದು ಉದ್ದ ಹಾದ್ಯಾಗ ಓಡೋರಿಗಿ ಟೀಚರ್. ನಿಮ್ಮ ಗಾಡಿ ಬಿಸಿ ಆಗೂದ್ರಾಗ ನಿಲ್ತದ, ಎಣ್ಣ್ಯಾಗ ಪೆಟ್ರೋಲ್ ಇಳೀತದ. ಮ್ಯಾಲ ಈ ದೂಳ. ನೀವು ಐದ್ ಸಾವಿರಕ್ಕ ಬರ್ರಿ, ಇಲ್ಲಾ ಆರ್ ತಿಂಗಳಿಗಿ. ಯಾವ್ದು ಮೊದ್ಲ ಬರ್ತದೋ ಅದು." ಇನ್ನೆರಡು ಮಾತನ್ನೂ ಹೇಳಿದ್ದ. ಕಾರು ಚಾಲು ಮಾಡಿದ ಕೂಡಲೇ ಓಡಿಸಬಾರದು, ಕೆಳಗಿಳಿದ ಎಣ್ಣೆ ಟರ್ಬೊದ ತನಕ ಮೇಲೇರುವವರೆಗೆ ಸ್ವಲ್ಪ ನಿಲ್ಲಿಸಬೇಕು. ದೂರದಿಂದ ಬಂದ ಕೂಡಲೇ ಬಂದ್ ಮಾಡಲೂಬಾರದು. ಕಾದ ಚಕ್ರ ತಣಿಯುವವರೆಗೆ ಎಂಜಿನ್ ತನ್ನ ಪಾಡಿಗೆ ತಿರುಗುತ್ತಿರಬೇಕು.

ಪರಿಮಳಾ ಈ ನೇಮಗಳನ್ನು ಯಾವ ವ್ರತಕ್ಕೂ ಕಡಿಮೆಯಿಲ್ಲದಂತೆ ಪಾಲಿಸಿದಳು. ಅದರಲ್ಲೂ ಗ್ಯಾರೇಜಿನ ಮುಂದೆ ಬಂದು ನಿಂತಾಗಿನ ಆ ಸ್ವಲ್ಪ ಹೊತ್ತು. ಫಿರೋಜ್ ಎದ್ದು ಬಂದು ಕಿಟಕಿಯ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದ. ಅವಳ ತಾಯಿಯ ಮೊಣಕಾಲು, ಅವನ ಮಗಳ ಸಂಸಾರ, ಊರಿನ ನೀರು, ಬಿಸಿಲು. ಆಮೇಲೆ "ಈಗ ಬಂದ್ ಮಾಡ್ರಿ" ಎನ್ನುತ್ತಿದ್ದ. ಅಷ್ಟೇ. ಅಷ್ಟಕ್ಕಾಗಿ ಅವಳು ತಿಂಗಳುಗಟ್ಟಲೆ ಕಾಯುತ್ತಿದ್ದಳು. ಊರೆಲ್ಲ ಅವನನ್ನು ಫಿರೋಜ್ ಭಾಯಿ ಎನ್ನುತ್ತಿತ್ತು. ಭಾಯಿ ಎನ್ನಲು ಅವಳ ನಾಲಿಗೆ ಹೊರಳಲಿಲ್ಲ. ಬರೀ ಫಿರೋಜ್ ಎನ್ನಲು ಧೈರ್ಯ ಸಾಲಲಿಲ್ಲ. ಹಾಗಾಗಿ ಏನೂ ಕರೆಯದೆ, ಹೌದ್ರಿ, ಅಲ್ರಿ, ನೋಡ್ರಿ ಎಂದೇ ಎರಡು ವರ್ಷ ಸಾಗಹಾಕಿದ್ದಳು.

ಆದರೆ ಆರು ತಿಂಗಳೆಂದರೆ ಬಹಳವಾಯಿತು. ಆಗ ಅವಳಿಗೆ ಆ ನೇಮದಲ್ಲಿದ್ದ ಇನ್ನೊಂದು ದಾರಿ ಹೊಳೆಯಿತು. ತಿಂಗಳನ್ನು ಯಾರೂ ಓಡಿಸಲಾರರು, ಕಿಲೋಮೀಟರಾದರೆ ಕೈಯಲ್ಲಿರುವ ಮಾತು! ಶಾಲೆ ಬಿಟ್ಟ ಮೇಲೆ ಯಾದಗಿರಿಗೆ ಹೋಗಿ ಒಂದು ಚಹಾ ಕುಡಿದು ಬರುವುದು, ಭಾನುವಾರ ತಿಂಥಣಿಗೆ ಹೋಗಿ ಕೃಷ್ಣೆಯನ್ನು ನೋಡಿ ಬರುವುದು, ರಜೆ ಬಂದರೆ ಗುರುಮಠಕಲ್ಲು. ಇದ್ದಲ್ಲಿ ಇರಲಾರದೆ ಇರುವೆ ಬಿಟ್ಟುಕೊಂಡರು ಎನ್ನುತ್ತಾರಲ್ಲ, ಹಾಗೆ. ಯಾರಾದರೂ ಕೇಳಿದರೆ, ಹೊಸ ಗಾಡಿ, ಕೈ ಕೂಡಬೇಕಲ್ಲ ಎನ್ನುತ್ತಿದ್ದಳು. ಎರಡು ವರ್ಷವಾದರೂ ಆ ಗಾಡಿ ಹೊಸದಾಗಿಯೇ ಇತ್ತು, ಕೈ ಕೂಡುತ್ತಲೇ ಇತ್ತು.

ನಿನ್ನೆ ಬುದ್ಧಪ್ರಿಯ ಬಂದಿದ್ದ. ಅತ್ತೆಯ ಕಾರು ನೋಡುತ್ತೇನೆಂದು ಬಾನೆಟ್ ಎತ್ತಿದವನು, ಎಣ್ಣೆ ಬದಲಿಸಿದ ಲೆಕ್ಕ ಬರೆದಿದ್ದ ಚೀಟಿ ಕಂಡು ಹುಬ್ಬು ಗಂಟಿಕ್ಕಿದ.

"ಅತ್ತಿ, ಐದ್ ಸಾವಿರಕ್ಕ ಎಣ್ಣಿ ಬದ್ಲಿ ಮಾಡು ಅಂತ ಯಾರ್ ಹೇಳಿದ್ರು ನಿನಗ?"

"ಗ್ಯಾರೇಜಿನವ್ರು. ನಂದು ಸಣ್ಣ ಹಾದಿ ಅದಲ್ಲ, ದೂಳ ಬ್ಯಾರೆ..."

"ಸಣ್ಣ ಹಾದಿ ಎಲ್ಲದ? ಈ ಮೀಟರ್ ನೋಡಿದ್ರ ನೀ ದಿನಾ ಹೈದರಾಬಾದಿಗಿ ಹೋಗಿ ಬಂದಂಗದ! ಇಷ್ಟು ಓಡೋ ಗಾಡಿಗಿ ಹತ್ ಸಾವಿರ ಆರಾಮ ನಡೀತದ. ಅಂವ ನಿನ್ನ ಕಿವಿ ಮ್ಯಾಲ ಹೂ ಇಡಾಕತ್ಯಾನ. ಬ್ಯಾಡ ಬಿಡು, ಮುಂದಿನ ಐತಾರ ನಮ್ಮ ಡ್ರೈವರಗ ಕಳಸ್ತೀನಿ. ಮನಿಯಿಂದ ಒಯ್ದು ಮನಿಗಿ ತಂದ್ ಬಿಡ್ತಾನ. ಇನ್ನ ಮ್ಯಾಲ ಎಲ್ಲಾ ನಮ್ಮ ಶೋರೂಮಿನಾಗ."

"ಅಂವ ಅಂಥಾವಲ್ಲ," ಎಂದಳು ಪರಿಮಳಾ. ದನಿ ತಾನಂದುಕೊಂಡದ್ದಕ್ಕಿಂತ ಜೋರಾಗಿ ಹೊರಟಿತು. ಒಳಗೆ ಕಾಲು ನೀವಿಕೊಳ್ಳುತ್ತ ಕುಳಿತಿದ್ದ ಅಯ್ಯಮ್ಮ ತಲೆಯೆತ್ತಿ ನೋಡಿದಳು.

"ಹಂಗಾದ್ರ ನೀನ ಕೇಳು ಅವನ್ನ. ಎಣ್ಣಿ ಖರೇನ ಹಾಳಾಗ್ಯದೇನು ಅಂತ ಮಾರಿ ಮ್ಯಾಲ ಕೇಳು. ಏನಂತಾನ ನೋಡು."

ಕೇಳುವುದೇನೋ ಸುಲಭ. ಸೇತುವೆಯ ಮೇಲೆ ನಿಧಾನವಾಗಿ ಕಾರು ಬಿಡುತ್ತಿದ್ದ ಪರಿಮಳಾಗೆ ಉತ್ತರದ್ದೇ ಭಯ. ಎಣ್ಣೆ ಹೇಗಿದೆಯೆಂದು ಅವಳಿಗೆ ಗೊತ್ತಿತ್ತು. ಬೆಳಗ್ಗೆಯೇ ಅಳತೆಯ ಕಡ್ಡಿ ಎಳೆದು ನೋಡಿದ್ದಳು. ಜೋನಿಬೆಲ್ಲದ ಬಣ್ಣ, ಪೆಟ್ರೋಲಿನ ವಾಸನೆಯ ಸುಳಿವೂ ಇಲ್ಲ. ಉದ್ದ ದಾರಿಯಲ್ಲಿ ಓಡಿಸಿ ಓಡಿಸಿ, ಬೇಗ ಬದಲಿಸಬೇಕೆಂಬ ಕಾರಣವನ್ನೇ ಅವಳು ತನ್ನ ಕೈಯಾರೆ ಅಳಿಸಿಹಾಕಿದ್ದಳು. ಈಗ ಫಿರೋಜ್ ಎಣ್ಣೆ ಹಾಳಾಗಿದೆ ಎಂದರೆ ಅವನು ಸುಳ್ಳುಗಾರ. ಇಷ್ಟು ವರ್ಷ ಮನಸ್ಸಿನಲ್ಲಿಟ್ಟುಕೊಂಡ ಮನುಷ್ಯ ಒಂದು ಡಬ್ಬಿ ಎಣ್ಣೆಗಾಗಿ ಸುಳ್ಳು ಹೇಳುವವನಾಗಿಬಿಡುತ್ತಾನೆ. ಚೆನ್ನಾಗಿದೆ ಎಂದರೆ ಅವನು ಸತ್ಯವಂತನೇ, ಆದರೆ ಅವಳಿಗೆ ಇನ್ನು ಅಲ್ಲಿಗೆ ಹೋಗಲು ನೆಪವಿಲ್ಲ. ಅತ್ತ ದರಿ, ಇತ್ತ ಪುಲಿ. ಯಾವುದು ಬೇಕೆಂದು ದೇವರು ಬಂದು ಕೇಳಿದರೂ ಅವಳು ಹೇಳಲಾರಳು.

ಇವತ್ತು ಹೊರಡುವಾಗ ಅಯ್ಯಮ್ಮ ಬಾಗಿಲಲ್ಲಿ ನಿಂತಿದ್ದಳು. "ಕಾರಿಗಿ ಎಣ್ಣಿ ಹಾಕ್ಸೋದು ಬಂತೇನು?"

"ಹ್ಞೂಂ."

"ಈ ಸರ್ತಿ ಲಗೂನ ಬಂತಲ್ಲ," ಎಂದಿದ್ದಳು ಅಯ್ಯಮ್ಮ. ಮತ್ತೇನೂ ಅನ್ನಲಿಲ್ಲ. ಅನ್ನುವುದನ್ನು ಅವಳು ಹಿಂದೆಯೇ ಒಂದು ಸಲ ಅಂದು ಮುಗಿಸಿದ್ದಳು.

ದೇವಾಪುರದ ಹತ್ತಿರ ಕಾಲುವೆ ಕಾಣಿಸಿತು. ಕಾಲುವೆ ಕಂಡಾಗಲೆಲ್ಲ ಅವಳಿಗೆ ಫಿರೋಜನ ಬಲಗೈ ನೆನಪಾಗುತ್ತಿತ್ತು. ಆಗ ಅವಳು ಸುರಪುರದ ಕಾಲೇಜಿನಲ್ಲಿ ಬಿಎಸ್ಸಿ ಕೊನೆಯ ವರ್ಷ. ಮಗಳಿಗೆ ಗಾಡಿ ಕಲಿಸಬೇಕೆಂಬ ಹುಚ್ಚು ಸಾಬಣ್ಣನಿಗೆ, ಆದರೆ ತಾನೇ ಕಲಿಸಲು ಕುಳಿತರೆ ಬಾಯಿ ಜೋರಾಗುತ್ತಿತ್ತು. "ನೀ ಕಲಸಪಾ, ನಿಂದು ಸಮಾಧಾನದ ಕೈ," ಎಂದು ಜಮಾಲಸಾಬನ ಮಗನಿಗೆ ಒಪ್ಪಿಸಿದ್ದ. ಇಲಾಖೆಯ ಜೀಪು, ಕಾಲುವೆಯ ದಂಡೆ, ಸಂಜೆಯ ಹೊತ್ತು. ಹಿಂದಿನ ಸೀಟಿನಲ್ಲಿ ಸಾಬಣ್ಣನೇ ಕುಳಿತು ತೂಕಡಿಸುತ್ತಿದ್ದ. ಫಿರೋಜ್ ಒಂದು ದಿನವೂ ಅವಳ ಕೈ ಮುಟ್ಟಲಿಲ್ಲ. ಗೇರು ಹಾಕುವುದನ್ನು ತೋರಿಸಲು ಗೇರಿನ ಗುಂಡಿಯ ಮೇಲೆ ತನ್ನ ಅಂಗೈಯಿಟ್ಟು, "ಹಿಂಗ," ಎಂದು ತಳ್ಳಿ ತೋರಿಸಿ ಕೈ ತೆಗೆಯುತ್ತಿದ್ದ. ಆಮೇಲೆ ಅವಳು ಕೈಯಿಡುತ್ತಿದ್ದಳು. ಗುಂಡಿ ಇನ್ನೂ ಬೆಚ್ಚಗಿರುತ್ತಿತ್ತು. ಅವಳು ಬೇಕೆಂದೇ ಗೇರು ತಪ್ಪಿಸುತ್ತಿದ್ದಳು, ಅವನು ಮತ್ತೆ ತೋರಿಸುತ್ತಿದ್ದ.

ಒಂದು ಸಂಜೆ ಅಯ್ಯಮ್ಮ ರೊಟ್ಟಿ ಬಡಿಯುತ್ತಲೇ ಹೇಳಿದಳು: "ಕಲ್ತದ್ದು ಸಾಕು. ಕಾಲುವಿ ಮ್ಯಾಲ ನಾಕ್ ಮಂದಿ ಕಣ್ಣದಾವ." ಜಗಳವಿಲ್ಲ, ಕಣ್ಣೀರಿಲ್ಲ. ಮರುದಿನದಿಂದ ಜೀಪು ಬರಲಿಲ್ಲ. ಮುಂದೆ ಮಸರತಳ ಜೊತೆ ಫಿರೋಜನ ಮದುವೆಯಾದಾಗ ಪರಿಮಳಾ ಅಪ್ಪನ ಜೊತೆ ಹೋಗಿ ಉಂಡು ಬಂದಳು. ಅಪ್ಪ ತೀರಿದ ಮೇಲೆ ಅಣ್ಣನ ಮನೆ ನಿಲ್ಲಬೇಕಿತ್ತು, ಅವಳ ಸಂಬಳ ಬೇಕಿತ್ತು. ಬಂದ ಗಂಡುಗಳಲ್ಲಿ ಒಬ್ಬನಿಗೆ ಅವಳ ನೌಕರಿ ಹೆಚ್ಚಾಯಿತು, ಒಬ್ಬನಿಗೆ ವಯಸ್ಸು ಹೆಚ್ಚಾಯಿತು. ಯಾರೂ ಬರದ ಕಾಲ ಬಂದಾಗ ಅವಳಿಗೆ ನಿರಾಳವೇ ಆಗಿತ್ತು. ಬೇರೆಯವರ ಮುಂದೆ ಹೇಳುವ ಮಾತಲ್ಲ, ಆದರೆ ಖರೆ.

ಸುರಪುರದ ಗುಡ್ಡಗಳು ಎದುರಾಗುವ ಹೊತ್ತಿಗೆ ಮೀಟರು ಲೆಕ್ಕ ತುಂಬಿಸಿತು. ಗ್ಯಾರೇಜಿನಲ್ಲಿ ಬೇರೆ ಗಾಡಿ ಇರಲಿಲ್ಲ. ಫಿರೋಜ್ ಬಾಗಿಲ ಬಳಿ ಸ್ಟೂಲಿನ ಮೇಲೆ ಕುಳಿತಿದ್ದ, ಮೈಮೇಲೆ ಒಗೆದ ಅಂಗಿ. ಗಡ್ಡದಲ್ಲಿ ಬಿಳಿ ಹೆಚ್ಚಾಗಿತ್ತು. ಕಾರು ಕಂಡವನೇ ಎದ್ದು ಬಂದು ಕಿಟಕಿಯ ಮೇಲೆ ಕೈಯಿಟ್ಟ.

"ಬರ್ರಿ ಟೀಚರ್. ಬಂದ್ ಮಾಡ್ಬ್ಯಾಡ್ರಿ, ಜರಾ ನಿಲ್ಲಲಿ."

"ಗುಲ್ನಾಜ್ ಹೆಂಗದಾಳ್ರಿ?"

"ಬಸುರದಾಳ. ಚೊಚ್ಚಲ ಹೆರಿಗಿ, ಇಲ್ಲೇ ಕರ್ಕೊಂಡು ಬರ್ಬೇಕು. ಮನ್ಯಾಗ ಹೆಣ್ಣಮಕ್ಕಳಿಲ್ಲ, ಹೆಂಗ ಮಾಡ್ಲಿ ಅಂತ ಫಿಕರ್ ಆಗ್ಯದ." ಕಿಟಕಿಯಂಚಿನ ದೂಳನ್ನು ಬೆರಳಿಂದ ಒರೆಸಿದ. "ಅಮ್ಮನ ಮೊಣಕಾಲು?"

"ಥಂಡಿಗಿ ಹಿಡೀತಾವ."

"ಈಗ ಬಂದ್ ಮಾಡ್ರಿ."

ಎಣ್ಣೆ ಅಡಿಗೆ ಇಳಿಯುವವರೆಗೆ ಕಡ್ಡಿ ಎಳೆಯುವಂತಿರಲಿಲ್ಲ. ಎದುರಿನ ಹೋಟೆಲಿನಿಂದ ಅವನೇ ಎರಡು ಗ್ಲಾಸು ಚಹಾ ತಂದ. ಅವಳು ಚಹಾ ಮುಗಿಯಲಿ ಎಂದುಕೊಂಡಳು. ಮುಗಿಯಿತು. ಖಾಲಿ ಗ್ಲಾಸನ್ನು ಕೈಯಲ್ಲಿ ತಿರುಗಿಸುತ್ತ, "ನಮ್ಮ ಬುದ್ಧಪ್ರಿಯ ಬಂದಿದ್ದ," ಎಂದಳು.

"ಏನಂದ?"

"ಹತ್ ಸಾವಿರ ಓಡ್ತದ ಅಂದ. ಮುಂದಿನ ಐತಾರದಿಂದ ಅವ್ರ ಶೋರೂಮಿನಾಗ ಮಾಡಸ್ತಾನಂತ." ಗ್ಲಾಸನ್ನು ಕೆಳಗಿಟ್ಟಳು. "ಎಣ್ಣಿ ಖರೇನ ಹಾಳಾಗ್ಯದೇನು, ನಿಮ್ಮನ್ನ ಕೇಳು ಅಂದ."

ಕಿವಿಯ ಮೇಲಿನ ಹೂವಿನ ಮಾತನ್ನು ಅವಳು ಹೇಳಲಿಲ್ಲ. ಹೇಳದಿದ್ದರೂ ಅದು ಇಬ್ಬರ ನಡುವೆ ಬಂದು ಬಿತ್ತು. ಫಿರೋಜನ ಮುಖ ಇಳಿಯಿತು. ಎದ್ದು ಹೋಗಿ ಬಾನೆಟ್ ಎತ್ತಿದ, ಕಡ್ಡಿ ಎಳೆದ, ಬಟ್ಟೆಯಲ್ಲಿ ಒರೆಸಿ ಮತ್ತೆ ಅದ್ದಿ ಎಳೆದ. ಬೆಳಕಿಗೆ ಹಿಡಿದು ನೋಡಿದ. ಒಂದು ಹನಿಯನ್ನು ಬೆರಳಿಗೆ ತೆಗೆದುಕೊಂಡು ತಿಕ್ಕಿ ಮೂಸಿದ. ಅಷ್ಟೆಲ್ಲ ನೋಡುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಹಾಳಾಗಿದೆ ಎನ್ನು ಎಂದು ಅವಳ ಜೀವ ಒಮ್ಮೆ ಬೇಡಿಕೊಂಡಿತು. ಅನ್ನಬೇಡ ಎಂದು ಮರುಕ್ಷಣವೇ ಬೇಡಿಕೊಂಡಿತು.

"ಇದಕ್ಕ ಏನಾಗಿಲ್ಲ ಟೀಚರ್," ಎಂದ. "ಇನ್ನೂ ಅಷ್ಟ ಓಡ್ತದ. ಜೀವ ಇದ್ದ ಎಣ್ಣಿ ಚೆಲ್ಲಿದ್ರ ಪಾಪ ತಟ್ತದ ಅಂತಿದ್ರು ಅಬ್ಬಾ. ನಾ ಇದನ್ನ ಇವತ್ತ ತೆಗೆಯಂಗಿಲ್ಲ."

ಅವಳ ಎದೆ ತುಂಬಿ ಬಂತು, ಅದೇ ಉಸಿರಿಗೆ ಬರಿದೂ ಆಯಿತು. ಅವನು ಸತ್ಯವಂತ. ಕಷ್ಟವಿದ್ದದ್ದೇ ಅಲ್ಲಿ.

"ಇದು ಉದ್ದ ಹಾದ್ಯಾಗ ಓಡಿದ್ ಎಣ್ಣಿ," ಎಂದ ಅವನು ಕಡ್ಡಿಯನ್ನೇ ನೋಡುತ್ತ. "ಎಲ್ಲಿಗಿ ಹೋಗಾಕತ್ತೀರಿ?"

"ತಿಂಥಣಿಗಿ. ಸಂಜಿಮುಂದ ಯಾದಗಿರಿಗಿ."

"ಅಲ್ಲಿ ಯಾರದಾರ?"

"ಯಾರೂ ಇಲ್ಲ. ಹೋಗಿ ತಿರುಗಿಸ್ಕೊಂಡ್ ಬರ್ತೀನಿ."

ಫಿರೋಜ್ ಕಡ್ಡಿಯನ್ನು ಅದರ ಜಾಗಕ್ಕೆ ಸೇರಿಸಿದ. ಬಾನೆಟ್ಟನ್ನು ಸದ್ದಾಗದಂತೆ ಇಳಿಸಿದ. ಯಾಕೆ ಎಂದು ಕೇಳಲಿಲ್ಲ. ಕೇಳದೆ ಹೋದದ್ದರಿಂದಲೇ ಅವಳಿಗೆ ಅಳು ಬರುವಂತಾಗಿ, ಅದನ್ನು ಮುಚ್ಚಲು ಬ್ಯಾಗು ಹೆಗಲಿಗೇರಿಸಿದಳು.

"ಹಂಗಾದ್ರ ಹೊಂಟೆ. ಕೆಲಸಾನ ಇಲ್ಲಲ್ಲ. ಇನ್ನ ಮುಂದಿನ ವರ್ಷ..."

"ನಿಲ್ರಿ."

ಅವನು ಒಳಗೆ ಹೋದ. ಗೋಡೆಯ ಮೇಲೆ ಜಮಾಲಸಾಬನ ಫೋಟೊ, ಅದರ ಕೆಳಗೊಂದು ಹಲಗೆ. ಹಲಗೆಯ ಮೇಲಿದ್ದ ನೀರಿನ ಬಾಟಲಿಯೊಂದನ್ನು ತಂದು ಅವಳ ಮುಂದೆ ಹಿಡಿದ. ಬಾಟಲಿಯಲ್ಲಿದ್ದದ್ದು ನೀರಲ್ಲ. ಬಾಗಿಲ ಬಿಸಿಲು ತಾಗಿ ಅದು ಜೋನಿಬೆಲ್ಲದಂತೆ ಹೊಳೆಯಿತು.

"ಇದು ಹೋದ ಸರ್ತಿ ನಿಮ್ ಗಾಡಿಂದ ಇಳ್ಸಿದ್ದು," ಎಂದ. "ಅವತ್ತೂ ಹಿಂಗ ಇತ್ತು. ಕಡ್ಡಿ ಎಳದಾಗನ ನಂಗ ತಿಳದಿತ್ತು. ಅವತ್ತೇ ಹೇಳ್ಬೇಕಾಗಿತ್ತು. ಹೊಸ ಎಣ್ಣಿ ಕಂಪನಿಯವ್ರು ನಮೂನಿಗಿ ಕೊಟ್ಟಾರ, ರೊಕ್ಕ ಬ್ಯಾಡ ಅಂದಿದ್ನಲ್ಲ, ಅದೂ ಸುಳ್ಳ. ಇದನ್ನ ಚೆಲ್ಲಾಕ ಮನಸ್ ಬರ್ಲಿಲ್ಲ."

"ಯಾಕ ಹೇಳಲಿಲ್ಲ?"

ಅವನು ಬಾಟಲಿಯ ಮುಚ್ಚಳವನ್ನು ಸುಮ್ಮನೆ ಇನ್ನಷ್ಟು ಬಿಗಿ ಮಾಡಿದ. ಅದು ಬಿಗಿಯಾಗಿಯೇ ಇತ್ತು.

"ಹೇಳಿದ್ರ ನೀವು ಒಂದ್ ವರ್ಷ ಬರ್ತಿರ್ಲಿಲ್ಲ."

ರಸ್ತೆಯಲ್ಲಿ ಒಂದು ಬಸ್ಸು ಹಾರ್ನ್ ಹೊಡೆಯುತ್ತ ಹೋಯಿತು. ಹೋಟೆಲಿನವನು ಗ್ಲಾಸು ಕೊಡಿರೆಂದು ಕೂಗಿದ, ಯಾರೂ ಕದಲಲಿಲ್ಲ. ಪರಿಮಳಾ ಆ ಬಾಟಲಿಯನ್ನು ಕೈಗೆ ತೆಗೆದುಕೊಂಡಳು. ಯಾದಗಿರಿಯ ಸಂಜೆಗಳು, ತಿಂಥಣಿಯ ಭಾನುವಾರಗಳು, ಎಲ್ಲವೂ ಸೇರಿ ಇಷ್ಟು. ತಾನೊಬ್ಬಳೇ ಓಡುತ್ತಿದ್ದೇನೆ ಎಂದುಕೊಂಡಿದ್ದಳು. ಇಲ್ಲೊಬ್ಬ ಅದನ್ನೆಲ್ಲ ಹಿಡಿದು ಅಪ್ಪನ ಫೋಟೊದ ಕೆಳಗೆ ಇಟ್ಟುಕೊಂಡಿದ್ದ.

"ಫಿರೋಜ್," ಎಂದಳು.

ಅವನು ತಲೆಯೆತ್ತಿದ. ಆ ಹೆಸರಿನ ಮುಂದೆ ಹೇಳಲು ಅವಳ ಬಳಿ ಏನೂ ಇರಲಿಲ್ಲ, ಅಥವಾ ಇದ್ದದ್ದು ಈ ವಯಸ್ಸಿನಲ್ಲಿ, ಈ ಊರಿನಲ್ಲಿ, ರಸ್ತೆಯ ಮೇಲೆ ನಿಂತು ಹೇಳುವಂಥದ್ದಾಗಿರಲಿಲ್ಲ. ಬಾಟಲಿಯನ್ನು ಅವನ ಕೈಗೆ ಹಿಂದಿರುಗಿಸಿದಳು. ಅವನು ಅದನ್ನು ಅಂಗಿಗೆ ಒತ್ತಿ ಹಿಡಿದುಕೊಂಡ. ಒಗೆದ ಅಂಗಿಗೆ ಎಣ್ಣೆಯ ಕಲೆ ಹತ್ತಿತು.

ಅವಳು ಹೋಗಿ ಕಾರಿನಲ್ಲಿ ಕುಳಿತು ಚಾಲು ಮಾಡಿದಳು. ಫಿರೋಜ್ ಬಂದು ಕಿಟಕಿಯ ಮೇಲೆ ಕೈಯಿಟ್ಟ.

"ಈಗ ಬಿಡ್ಬ್ಯಾಡ್ರಿ. ಎಣ್ಣಿ ಮ್ಯಾಲ ಏರ್ಲಿ."

"ಹ್ಞೂಂ." ಅವಳು ಎದುರಿನ ಗುಡ್ಡ ನೋಡುತ್ತ ಕೇಳಿದಳು, "ಬುದ್ಧಪ್ರಿಯಗ ಏನ್ ಹೇಳ್ಲಿ?"

"ಖರೇ ಹೇಳ್ರಿ. ಎಣ್ಣಿ ಚೊಲೋ ಅದ, ಇನ್ನೂ ಓಡ್ತದ ಅಂದ್ರು ಅಂತ."

"ಹೇಳ್ತೀನಿ. ಡ್ರೈವರಗ ಕಳಸಬ್ಯಾಡ ಅಂತನೂ ಹೇಳ್ತೀನಿ." ಆಮೇಲೆ, ತರಗತಿಯಲ್ಲಾಗಿದ್ದರೆ ಯಾರಿಗೂ ಕೇಳಿಸದಷ್ಟು ಸಣ್ಣ ದನಿಯಲ್ಲಿ, "ಗುಲ್ನಾಜಗ ಕರ್ಕೊಂಡ್ ಬಂದ ಮ್ಯಾಲ ತಿಳಿಸ್ರಿ. ಮನ್ಯಾಗ ಹೆಣ್ಣಮಕ್ಕಳಿಲ್ಲ ಅಂದ್ರಲ್ಲ."

ಕಿಟಕಿಯ ಮೇಲಿದ್ದ ಫಿರೋಜನ ಬೆರಳುಗಳು ಸ್ವಲ್ಪ ಬಿಗಿಯಾದವು. ಎಂಜಿನ್ ಸಣ್ಣಗೆ, ಒಂದೇ ಸಮನೆ ತಿರುಗುತ್ತಿತ್ತು. ಎಣ್ಣೆ ಮೇಲೇರಲು ಎಷ್ಟು ಹೊತ್ತು ಬೇಕೆಂದು ವಿಜ್ಞಾನದ ಟೀಚರಿಗೆ ಗೊತ್ತಿತ್ತು, ಮಿಸ್ತ್ರಿಗೂ ಗೊತ್ತಿತ್ತು. ಅದು ಏರಿ ಎಷ್ಟೋ ಹೊತ್ತಾಗಿತ್ತು.

"ಸಾಕೇನ್ರಿ?" ಎಂದು ಅವಳು ಕೇಳಿದಳು.

"ಇನ್ನೂ ಜರಾ ನಿಲ್ಲಲಿ," ಎಂದ ಫಿರೋಜ್.

ಪರಿಮಳಾ ಗೇರಿನ ಗುಂಡಿಯ ಮೇಲಿಟ್ಟಿದ್ದ ಕೈಯನ್ನು ತೆಗೆದು ತೊಡೆಯ ಮೇಲೆ ಇಟ್ಟುಕೊಂಡಳು.